ಸತ್ತವರ ಪುಸ್ತಕದಲ್ಲಿದ್ದ ಹೆಸರು

ಡನ್‌ಫೀಲ್ಡ್, ಮ್ಯಾಸಚೂಸೆಟ್ಸ್
ಜನವರಿ ೧೧, ೧೮೮೦, ಭಾನುವಾರ

ಪ್ರೀತಿಯ ಆಕ್ಸಾ ಅಕ್ಕನವರಿಗೆ,

ಕೆಟ್ಟ ಕನಸು ಬಿತ್ತು ಅಕ್ಕಾ. ಅದನ್ನು ಹೇಳದೆ ಕ್ಷೇಮಸಮಾಚಾರ ಬರೆಯಲು ಕೈ ಓಡುತ್ತಿಲ್ಲ. ಊರಸಭೆಯ ಕಟ್ಟಡದಲ್ಲಿ ಹೆಂಗಸರ ಸಾಲು ನಿಂತಿದೆ. ನಾನೂ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದೇನೆ. ಗುಮಾಸ್ತ ಸೈಲಸ್ ಹೋಯ್ಟ್ ಪಟ್ಟಿ ನೋಡಿ "ಜಿಲ್ಪಾ" ಅಂತ ಕೂಗಿದರು. ನಾನು "ಬಂದೆ" ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಇನ್ಯಾರೋ "ಬಂದೆ" ಅಂದರು. ತಿರುಗಿ ನೋಡಿದರೆ ನಮ್ಮ ಚರ್ಚಿನ ಹಿತ್ತಲಲ್ಲಿ ಹೂತ ಆ ಶವಪೆಟ್ಟಿಗೆ, ಮೈಗೆಲ್ಲ ಮಣ್ಣು ಮೆತ್ತಿಕೊಂಡು ಸಾಲಿನಲ್ಲಿ ನಿಂತಿತ್ತು. ನನ್ನನ್ನು ಸರಿಸಿ ಮುಂದೆ ಹೋಯಿತು. ಗುಮಾಸ್ತ ಎದ್ದು ನಿಂತು ಮರ್ಯಾದೆಯಿಂದ ಅದರ ಚೀಟಿ ತೆಗೆದುಕೊಂಡರು. ನನ್ನ ಕಡೆ ನೋಡಲೂ ಇಲ್ಲ.

ಎದ್ದವಳು ಬೆಳಗಾಗುವವರೆಗೆ ಒಲೆಯ ಮುಂದೆ ಕೂತೆ. ನಾಲ್ಕು ಟೋಪಿ ಹೊಲಿದೆ, ನಾಲ್ಕನ್ನೂ ಬಿಚ್ಚಬೇಕಾಯಿತು.

ವಿಷಯ ಏನೆಂದರೆ, ಶಾಲೆಯ ಸಮಿತಿಯನ್ನು ಆರಿಸಲು ಹೆಂಗಸರೂ ಮತದ ಚೀಟಿ ಹಾಕಬಹುದು ಅಂತ ಹೋದ ವರ್ಷ ಕಾನೂನು ಆಯಿತಲ್ಲ, ಅದರ ಮೊದಲ ಸಭೆ ನಮ್ಮೂರಲ್ಲಿ ಮಾರ್ಚ್ ಎಂಟಕ್ಕೆ. ಕೆಳಬೀದಿಯ ಶಾಲೆಯನ್ನು ಮುಚ್ಚಬೇಕು ಅಂತ ಈಗಿನ ಸಮಿತಿಯವರು ಹೊರಟಿದ್ದಾರೆ. ನಮ್ಮ ಕಪ್ಪು ಜನರ ಮಕ್ಕಳು, ಐರಿಷ್ ಮಕ್ಕಳು ಓದುವುದು ಅಲ್ಲೇ. ಮೇಲ್ಬೀದಿಗೆ ನಡೆಯಲಿ ಅನ್ನುತ್ತಾರೆ. ಆ ಹಿಮದಲ್ಲಿ ಎರಡು ಮೈಲಿ ಯಾವ ಮಗು ನಡೆಯುತ್ತದೆ? ನಾಲ್ಕು ದಿನ ತಪ್ಪಿಸಿದರೆ ಐದನೇ ದಿನ ಬಿಟ್ಟೇ ಬಿಡುತ್ತದೆ. ನನಗೆ ಗೊತ್ತು. ನೀವು ಚರ್ಚಿನ ನೆಲಮಾಳಿಗೆಯಲ್ಲಿ ನನಗೆ ಕಲಿಸಿದ್ದು ಹನ್ನೊಂದು ವಾರ. ಹನ್ನೆರಡನೇ ವಾರ, ಓಡಿಬಂದ ಗುಲಾಮರನ್ನು ಹಿಡಿಯುವವರು ಬಂದರು. ಭಾಗಾಕಾರ ಇವತ್ತಿಗೂ ನನಗೆ ಅರ್ಧವೇ ಬರುವುದು.

ನೀವು ಮೂವತ್ತು ವರ್ಷ ಊರೂರು ಅಲೆದು ಭಾಷಣ ಮಾಡಿ, ಕೊಳೆತ ಮೊಟ್ಟೆಯ ಏಟು ತಿಂದು, ಮೊದಲು ನಮ್ಮ ಜನರಿಗೆ ಬಿಡುಗಡೆ, ಆಮೇಲೆ ಹೆಂಗಸರಿಗೆ ಹಕ್ಕು ಅಂತ ಬೇಡಿದ್ದರಲ್ಲಿ ಇಷ್ಟಾದರೂ ಸಿಕ್ಕಿದೆ. ಸಿಕ್ಕಿದ್ದನ್ನು ನಾನು ಬಿಟ್ಟರೆ ಹೇಗೆ? ಅದಕ್ಕೆ ಗುರುವಾರ ಹೆಸರು ಬರೆಸಲು ಹೋದೆ.

"ಬಾ ರೋಡಾ, ಕೂತ್ಕೋ. ಹೆಸರು?" ಅಂದರು ಹೋಯ್ಟ್.

"ಅದನ್ನೇ ಕೇಳೋಣ ಅಂತ ಬಂದೆ."

"ನನ್ನ ಹೆಂಡ್ತಿಗೆ ಹದಿನಾಲ್ಕು ವರ್ಷದಿಂದ ಹುಲ್ಲಿನ ಟೋಪಿ ಹೊಲಿದು ಕೊಡೋಳು ನೀನು. ನಿನ್ನ ಹೆಸರು ನನ್ನೇ ಕೇಳ್ತೀಯಾ? ರೋಡಾ ವೇಡ್ ಅಂತ ಬರ್ಕೋತೀನಿ."

"ಪ್ರಮಾಣ ಮಾಡ್ಬೇಕಾ?"

"ಮಾಡ್ಬೇಕು."

"ಬೈಬಲ್ ಮುಟ್ಟಿ?"

"ಮತ್ತೇನು, ನನ್ನ ತಲೆ ಮುಟ್ಟಿಯಾ?"

"ಹಂಗಾದ್ರೆ ಬರ್ಕೋಬೇಡಿ," ಅಂದೆ. ಆಮೇಲೆ ಬಾಯಿ ನನ್ನ ಮಾತು ಕೇಳಲಿಲ್ಲ ಅಕ್ಕಾ. "ನನ್ನ ಹೆಸರು ಜಿಲ್ಪಾ. ನಮ್ಮ ಚರ್ಚಿನ ಹಿತ್ತಲಲ್ಲಿ ನನ್ನನ್ನ ಹೂತಿದ್ದಾರೆ," ಅಂದುಬಿಟ್ಟೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾವ ಜಿಲ್ಪಾ? ಐವತ್ತೊಂದರ ಅಕ್ಟೋಬರ್‌ದಾ? ಆ ಪೆಟ್ಟಿಗೆಗೆ ನಾನು ಹೆಗಲು ಕೊಟ್ಟಿದ್ದೆ ಕಣಮ್ಮ! ಹತ್ತೊಂಬತ್ತು ವರ್ಷ ನನಗೆ. ಎಡಗಡೆ ಹಿಂದಿನ ಮೂಲೆ. ಇವತ್ತಿಗೂ ಸೊಂಟ ಹಿಡಿಯುತ್ತೆ. ಇಷ್ಟುದ್ದದ ಹುಡುಗಿ ಇಷ್ಟು ಭಾರ ಹೆಂಗಪ್ಪಾ ಅಂತ ನಮ್ಮಪ್ಪನ್ನ ಕೇಳ್ದೆ. ದುಃಖ ಭಾರ ಇರುತ್ತೆ ಮಗನೇ ಅಂದ್ರು."

"ದುಃಖ ಅಲ್ಲ, ಕಲ್ಲು," ಅಂದೆ. "ಚರ್ಚಿನ ಬೇಲಿ ಗೋಡೇದು."

ಹೋಯ್ಟ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಎದ್ದು ಹೋಗಿ ಮರಣದ ಪುಸ್ತಕ ತಂದು ಬಿಚ್ಚಿದರು. ಆಗ ಅವರಪ್ಪನೇ ಗುಮಾಸ್ತರಾಗಿದ್ದರಂತೆ, ಅವರದೇ ಕೈಬರಹ. ಜಿಲ್ಪಾ. ಕಪ್ಪು ಹೆಣ್ಣು. ವಯಸ್ಸು ಸುಮಾರು ಇಪ್ಪತ್ತು. ಜ್ವರ. ತಿಳಿಸಿದವರು ಆಕ್ಸಾ ಪರ್ನೆಲ್.

ನನ್ನ ಸಾವನ್ನು ನಾನೇ ಓದಿದೆ. ಓದಲು ಕಲಿಸಿದವರೂ ನೀವೇ, ಸತ್ತಳು ಅಂತ ಬರೆಸಿದವರೂ ನೀವೇ.

ಹೋಯ್ಟ್ ಅಂದರು: "ಸತ್ತೋರ ಹೆಸರನ್ನ ಮತದಾರರ ಪಟ್ಟಿಗೆ ಸೇರ್ಸೋದು ಬೇರೆ ಊರಲ್ಲಿ ನಡೀಬಹುದು, ನನ್ನ ಹತ್ರ ನಡೆಯಲ್ಲ. ತಿಳಿಸಿದೋರು ಬದುಕಿದ್ರೆ, ಅವತ್ತು ನಾನು ಹೇಳಿದ್ದು ಸುಳ್ಳು ಅಂತ ವಕೀಲರ ಮುಂದೆ ಪ್ರಮಾಣ ಮಾಡಿ ಬರ್ದು ಕಳಿಸ್ಲಿ. ಫೆಬ್ರವರಿ ಇಪ್ಪತ್ತೆಂಟು ಕೊನೇ ದಿನ. ಇಲ್ಲ ಅಂದ್ರೆ ರೋಡಾ ಅಂತ್ಲೇ ಇರ್ಲಿ. ನಾನು ಕಿವುಡ ಆಗಿದ್ದೆ ಅಂದ್ಕೋ."

ರೋಡಾ ಅನ್ನುವ ಹೆಸರೂ ನೀವು ಕೊಟ್ಟದ್ದೇ. ಅದನ್ನು ಹೊದ್ದುಕೊಂಡೇ ಕೆನಡಾ ಸೇರಿದೆ, ಜೀವ ಉಳಿಯಿತು. ಗುಲಾಮಗಿರಿ ಹೋದ ಮೇಲೆ ಅದೇ ಹೆಸರಲ್ಲಿ ಈ ಊರಿಗೆ ಮರಳಿದೆ, ನೆಲಮಾಳಿಗೆಯ ಹುಡುಗಿಯ ಮುಖ ಯಾರಿಗೂ ನೆನಪಿರಲಿಲ್ಲ. ಅದರ ಮೇಲೆ ನನಗೆ ಬೇಸರವಿಲ್ಲ. ಆದರೆ ಜಿಲ್ಪಾ ಅನ್ನುವುದು ಅಮ್ಮ ಇಟ್ಟದ್ದು. ಅಮ್ಮ ಕೊಟ್ಟದ್ದು ಅಂತ ನನ್ನ ಹತ್ತಿರ ಇರುವುದು ಅದೊಂದೇ. ಅದು ಸತ್ತವರ ಪುಸ್ತಕದಲ್ಲಿ ಬಿದ್ದಿದೆ.

ನಾನು ಏನನ್ನೂ ಕೇಳುತ್ತಿಲ್ಲ ಅಕ್ಕಾ, ತಪ್ಪು ತಿಳಿಯಬೇಡಿ. ರೋಡಾ ಅಂತ ಪ್ರಮಾಣ ಮಾಡಿದರೆ ಪಾಪವೇ, ಅಷ್ಟು ಹೇಳಿ. ಇನ್ನೊಂದು ಚಿಂತೆಯೂ ಶುರುವಾಗಿದೆ. ಹೆಸರೇ ಸುಳ್ಳಾದರೆ ಐಸಾಕನ ಜೊತೆ ನನ್ನ ಮದುವೆ ಆಗಿತ್ತೋ ಇಲ್ಲವೋ? ಅವನು ತೀರಿಕೊಂಡು ಆರು ವರ್ಷವಾಯಿತು, ಈಗ ಕೇಳಿ ಏನು ಮಾಡಲಿ ಅಂತೀರಾ. ಆದರೂ.

ಸದಾ ನಿಮ್ಮ ಋಣದಲ್ಲಿರುವ,
ರೋಡಾ


ಫಿಲಡೆಲ್ಫಿಯಾ
ಜನವರಿ ೨೦, ೧೮೮೦

ತಂಗಿ,

ಕಣ್ಣಿನ ಪೊರೆ ಈಗ ಎರಡೂ ಕಡೆ ಬಂದಿದೆ. ನಾನು ಹೇಳುತ್ತೇನೆ, ನನ್ನ ತಮ್ಮನ ಮಗಳು ಲೆಟಿ ಬರೆಯುತ್ತಾಳೆ. ಆದ್ದರಿಂದ ನನ್ನ ಕೈಬರಹ ಸುಧಾರಿಸಿದೆ ಎಂದು ಸಂತೋಷಪಡಬೇಡ.

ಮೊದಲು ಕೊನೆಯ ಪ್ರಶ್ನೆ. ನೀನು ಮದುವೆಯಾದದ್ದು ಐಸಾಕ್ ವೇಡ್ ಎಂಬ ಮನುಷ್ಯನನ್ನು. ಅವನು ಮದುವೆಯಾದದ್ದು ನಿನ್ನನ್ನು. ನಿಮ್ಮಿಬ್ಬರ ಮಧ್ಯೆ ಹೆಸರು ಎಲ್ಲಿಂದ ಬಂತು? ಇದನ್ನು ಇಲ್ಲಿಗೇ ಬಿಡು. ಬಿಡುವುದಿಲ್ಲ ಎಂದು ಗೊತ್ತು, ಆದರೂ ಬಿಡು.

ಇನ್ನು ಪತ್ರದ ಮಾತು. ನಾನು ಸುಳ್ಳು ಹೇಳಿದ್ದೆ ಎಂದು ಬರೆಯಲು ಎರಡು ಸಾಲು ಸಾಕು. ಕೇಳಲಿಲ್ಲ, ಕೇಳಲಿಲ್ಲ ಎಂದು ನಾಲ್ಕು ಹಾಳೆ ತುಂಬಾ ಕೇಳಿದ್ದೀಯ. ಕಳಿಸುತ್ತೇನೆ.

ಸೈಲಸ್ ಹೋಯ್ಟ್‌ಗೆ ಸೊಂಟದ ವಿಷಯದಲ್ಲಿ ನನ್ನ ಕ್ಷಮೆ ತಿಳಿಸು. ಕಲ್ಲು ಹೆಚ್ಚಾಯಿತು ಎಂದು ಅವತ್ತೇ ನಮ್ಮ ಪಾದ್ರಿಗಳಿಗೆ ಹೇಳಿದ್ದೆ.

ಆಕ್ಸಾ ಪರ್ನೆಲ್


ಡನ್‌ಫೀಲ್ಡ್
ಫೆಬ್ರವರಿ ೧, ೧೮೮೦, ಭಾನುವಾರ

ಪ್ರೀತಿಯ ಅಕ್ಕನವರಿಗೆ,

ದಯವಿಟ್ಟು ಬರೆಯಬೇಡಿ. ಬರೆದಿದ್ದರೆ ಹರಿದುಹಾಕಿ.

ನಿಮ್ಮ ಪತ್ರ ಬಂದ ದಿನ ಖುಷಿಯಿಂದ ಅಡುಗೆಮನೆಯಲ್ಲಿ ಎರಡು ಸುತ್ತು ಹೊಡೆದೆ. ಮರುದಿನ ಯೋಚನೆ ಬಂತು. ಮೇಲ್ಬೀದಿಯ ಪತ್ರಿಕೆಯವನು ಹೆಂಗಸರು ಚೀಟಿ ಹಾಕುವುದರ ಬಗ್ಗೆ ವಾರವಾರವೂ ಹಾಸ್ಯ ಬರೆಯುತ್ತಾನೆ. ಹೋದ ವಾರ ಬರೆದದ್ದು, ಚೀಟಿಯ ಜೊತೆ ಹೆಂಗಸರು ಅಡುಗೆಯ ಪಟ್ಟಿಯನ್ನೂ ಪೆಟ್ಟಿಗೆಗೆ ಹಾಕಿಬಿಟ್ಟರೆ ಎಣಿಸುವವರ ಗತಿ ಏನು ಅಂತ. ಅವನ ಕೈಗೆ ಈ ಪ್ರಮಾಣಪತ್ರ ಸಿಕ್ಕರೆ? 'ಹೆಸರಾಂತ ಭಾಷಣಗಾರ್ತಿ ಊರ ಪುಸ್ತಕದಲ್ಲೇ ಸುಳ್ಳು ಬರೆಸಿದ್ದಳು' ಅಂತ ದಪ್ಪ ಅಕ್ಷರದಲ್ಲಿ ಹಾಕುವುದಿಲ್ಲವೇ?

ನೀವು ಭಾಷಣ ಶುರು ಮಾಡುತ್ತಿದ್ದದ್ದೇ "ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ" ಅಂತ. ಬೆನ್ನ ಮೇಲಿನ ಬರೆ, ಸಂತೆಯಲ್ಲಿ ಮಕ್ಕಳ ಮಾರಾಟ, ಇವನ್ನೆಲ್ಲ ಜನ ನಂಬಿದ್ದು ನಿಮ್ಮ ಬಾಯಿಂದ ಬಂತು ಅಂತ. ಒಂದು ಸುಳ್ಳು ಅಂತ ನೀವೇ ಒಪ್ಪಿಕೊಂಡರೆ ಎಲ್ಲವೂ ಸುಳ್ಳು ಅನ್ನುವವರು ಇನ್ನೂ ಇದ್ದಾರೆ, ಗಟ್ಟಿಯಾಗಿಯೇ ಇದ್ದಾರೆ. ನಿಮ್ಮ ಮೂವತ್ತು ವರ್ಷ ನನ್ನ ಒಂದು ಹೆಸರಿಗೆ ಹಾಳಾಗಬಾರದು.

ಚರ್ಚಿನವರ ಮುಖ ಹೇಗೆ ನೋಡಲಿ, ಅದು ಇನ್ನೊಂದು. ಪ್ರತಿ ಆಗಸ್ಟ್ ಒಂದಕ್ಕೆ, ದಕ್ಷಿಣದ ಇಂಗ್ಲಿಷರ ದ್ವೀಪಗಳಲ್ಲಿ ಗುಲಾಮರ ಬಿಡುಗಡೆಯಾದ ದಿನವನ್ನು ಆಚರಿಸುವಾಗ, ಮಕ್ಕಳೆಲ್ಲ ಸಾಲಾಗಿ ಹೋಗಿ ಜಿಲ್ಪಾಳ ಸಮಾಧಿಯ ಕಲ್ಲಿಗೆ ಹೂವಿಡುತ್ತಾರೆ. ಸ್ವಾತಂತ್ರ್ಯ ಕಾಣದೆ ಹೋದ ಮಗಳು ಅಂತ ಪಾದ್ರಿಗಳು ಮಾತಾಡುತ್ತಾರೆ. ಅವತ್ತಿನ ಶುಂಠಿ ಕೇಕು ಮಾಡುವವಳು ನಾನು. ಕೇಕು ಹಂಚಿ, ಅಲ್ಲೇ ನಿಂತು ಅಳುತ್ತೇನೆ. ನಾಟಕವಲ್ಲ ಅಕ್ಕಾ, ನಿಜವಾಗಿಯೂ ಅಳು ಬರುತ್ತದೆ, ಯಾರೋ ಸತ್ತ ಹಾಗೆ.

ಮಂಗಳವಾರ ಹೋಯ್ಟ್ ಮನೆಗೇ ಬಂದಿದ್ದರು. ಹೆಂಡತಿಯ ಟೋಪಿಗೆ ರಿಬ್ಬನ್ ಹಾಕಿಸಲು ಅಂತ ನೆಪ. ಜನವರಿಯಲ್ಲಿ ಯಾರಿಗೆ ಬೇಕು ಹುಲ್ಲಿನ ಟೋಪಿ!

"ಪತ್ರ ಬಂತಾ?" ಅಂದರು.

"ಬೇಡ ಅಂತ ಬರೀತೀನಿ," ಅಂದೆ.

"ಬೇಡ ಅಂದ್ರೆ? ಅವತ್ತು ನಾನು ಅತ್ತಿದ್ದೆ ಕಣಮ್ಮ. ಗಂಡಸು, ಜನರ ಮುಂದೆ. ನಮ್ಮಣ್ಣ ತಿಂಗಳುಗಟ್ಟಲೆ ಆಡಿಕೊಂಡ. ಆ ಅಳು ನನಗೆ ವಾಪಸ್ ಬೇಡ್ವಾ?"

ನಗು ಬಂತು. ಆದರೂ ಬೇಡವೇ ಬೇಡ. ಅವತ್ತು ನಾನು ಎಲ್ಲಿದ್ದೆ ಅಂತ ನಿಮಗೆ ನೆನಪಿದೆಯಲ್ಲ? ಚರ್ಚಿನ ನೆಲಹಲಗೆಯ ಕೆಳಗೆ, ಸೌದೆಯ ಸಂದಿಯಲ್ಲಿ. ಮೇಲೆ ನನ್ನ ಸಂಸ್ಕಾರದ ಹಾಡು. ಹಿಡಿಯುವವರು ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತಿದ್ದರು, ಅವರ ಬೂಟಿನ ಸದ್ದು ನನ್ನ ತಲೆಯ ಮೇಲೇ ಕೇಳುತ್ತಿತ್ತು. ನೀವು ಎದ್ದು ನನ್ನ ಬಗ್ಗೆ ಮಾತಾಡಿದಿರಿ. ಚುರುಕಿನ ಹುಡುಗಿ, ಹನ್ನೊಂದು ವಾರದಲ್ಲಿ ಓದು ಕಲಿತಳು, ಯಾರ ಮೇಲೂ ಕೆಟ್ಟ ಮಾತಾಡಲಿಲ್ಲ ಅಂದಿರಿ. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಅದಕ್ಕೆ ಮೊದಲು ಯಾರೂ ಆಡಿರಲಿಲ್ಲ. ಅದನ್ನು ಕೇಳಿದ ಮೇಲೆ ಹಾಗೇ ಇರಬೇಕು ಅಂತ ಜೀವಮಾನವಿಡೀ ಒದ್ದಾಡಿದ್ದೇನೆ. ಅಷ್ಟು ಕೊಟ್ಟವರಿಂದ ಇನ್ನೂ ಕೇಳುವುದೇ?

ರೋಡಾ ಅಂತಲೇ ಬರೆಸುತ್ತೇನೆ. ದೇವರಿಗೆ ಗೊತ್ತಲ್ಲ ಯಾರು ಅಂತ.

ನಿಮ್ಮ,
ರೋಡಾ


ಫಿಲಡೆಲ್ಫಿಯಾ
ಫೆಬ್ರವರಿ ೭, ೧೮೮೦

ತಂಗಿ,

ಪತ್ರಿಕೆಯವನು ಏನಾದರೂ ಬರೆದುಕೊಳ್ಳಲಿ. ನನ್ನ ಬಗ್ಗೆ ಅವರು ಬರೆಯದ ಮಾತೇ ಉಳಿದಿಲ್ಲ. ಹುಚ್ಚಿ ಎಂದಿದ್ದಾರೆ, ಗಂಡುಬೀರಿ ಎಂದಿದ್ದಾರೆ, ಒಬ್ಬ ನನ್ನ ಮೂಗಿನ ಬಗ್ಗೆ ಇಡೀ ಒಂದು ಅಂಕಣ ಬರೆದ. ಸುಳ್ಳುಗಾತಿ ಎಂದರೆ ಅದೊಂದು ನಿಜವಾದರೂ ಆಗುತ್ತದೆ.

ನನಗೆ ಕಷ್ಟವಾಗಿರುವುದು ಬೇರೆ. ಲೆಟಿಗೆ ಹೇಳಿ ಬರೆಸುವುದೋ ಬೇಡವೋ ಎಂದು ಮೂರು ದಿನ ಸುಮ್ಮನಿದ್ದೆ.

ನೀನು ಸತ್ತ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಹಾಕಿಸಿದೆ. ಹಿಡಿಯುವವರು ಅದನ್ನು ಕತ್ತರಿಸಿಕೊಂಡು ಮೇರಿಲ್ಯಾಂಡಿಗೆ ಒಯ್ಯುತ್ತಾರೆ, ನಿನ್ನ ಯಜಮಾನನಿಗೆ ತೋರಿಸುತ್ತಾರೆ, ಅದಕ್ಕೇ ಹಾಕಿಸಿದ್ದು. ಅದೇ ಅಂಗಳದಲ್ಲಿ ನಿನ್ನ ತಾಯಿ ಇದ್ದಾಳೆ ಎಂದು ನನಗೆ ಗೊತ್ತಿತ್ತು. ನೀನೇ ಹೇಳಿದ್ದೆ. ಮಗಳು ಬದುಕಿದ್ದಾಳೆ ಎಂದು ಅವಳಿಗೆ ತಿಳಿಸುವ ದಾರಿ ನನಗೆ ಇರಲಿಲ್ಲ. ದಾರಿ ಸಿಗುವವರೆಗೆ ಕಾಯೋಣವೇ ಎಂದು ಒಂದು ಇಡೀ ದಿನ ಕೂತು ಯೋಚಿಸಿದೆ. ಕಾಯಲಿಲ್ಲ.

ಯುದ್ಧ ಮುಗಿದ ಮರುವರ್ಷ ನೀನು ತಾಯಿಯನ್ನು ಹುಡುಕಿಕೊಂಡು ಹೋದೆ. ಬಂದು ನನಗೆ ಬರೆದದ್ದು ಇಷ್ಟು: "ಅಮ್ಮ ಇಲ್ಲ. ರಸ್ತೆ ತುಂಬಾ ಕೆಸರು." ಹದಿನಾಲ್ಕು ವರ್ಷವಾಯಿತು. ಪ್ರತಿ ಹೊಸ ವರ್ಷಕ್ಕೆ ನಿನ್ನ ಶುಂಠಿ ಕೇಕು ಬರುತ್ತದೆ, ಜೊತೆಗೆ ಕೃತಜ್ಞತೆಯ ಪತ್ರ. ಪ್ರತಿ ಸಲವೂ ತಿನ್ನುವ ಮೊದಲು ನನಗೆ ಒಂದೇ ಪ್ರಶ್ನೆ. ಇವಳಿಗೆ ಅಲ್ಲಿ ಏನಾಯಿತು ಎಂದು ಗೊತ್ತಿಲ್ಲವೋ, ಗೊತ್ತಿದ್ದೂ ನನಗೆ ಹೇಳುತ್ತಿಲ್ಲವೋ?

ವೇದಿಕೆಗಳ ಮೇಲೆ ನಾನು ಎಲ್ಲರನ್ನೂ ಪ್ರಶ್ನೆ ಕೇಳಿದ್ದೇನೆ, ಸೆನೆಟರುಗಳನ್ನೂ ಬಿಟ್ಟಿಲ್ಲ. ಇದೊಂದನ್ನು ಕೇಳಲು ಧೈರ್ಯ ಬರಲಿಲ್ಲ. ಈಗ ಕೇಳುತ್ತೇನೆ. ಉತ್ತರ ಬರುವವರೆಗೆ ಪ್ರಮಾಣಪತ್ರ ಹರಿದುಹಾಕುವುದೂ ಇಲ್ಲ, ಸಹಿ ಮಾಡುವುದೂ ಇಲ್ಲ. ಇದು ಬೆದರಿಕೆಯಲ್ಲ, ಮುದುಕಿಯ ಹಟ.

ಆಕ್ಸಾ


ಡನ್‌ಫೀಲ್ಡ್
ಫೆಬ್ರವರಿ ೧೫, ೧೮೮೦, ಭಾನುವಾರ

ಅಕ್ಕಾ,

ಇದು ಮೂರನೇ ಹಾಳೆ. ಎರಡನ್ನು ಒಲೆಗೆ ಹಾಕಿದೆ.

ಅಮ್ಮ ಐವತ್ತೊಂಬತ್ತರಲ್ಲೇ ತೀರಿಕೊಂಡಿದ್ದಳು. ನಾನು ಹೋದಾಗ ಅವಳ ಗುಡಿಸಲಿನಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಗುಡಿಸಲಿನ ಸೂಕಿ ಚಿಕ್ಕಮ್ಮ ಇನ್ನೂ ಇದ್ದಳು. ಮೊದಲು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡಳು. "ಸತ್ತೋಳು ಬಂದವ್ಳೆ" ಅಂತ ಒಳಗಿಂದ ಕೂಗುತ್ತಿದ್ದಳು. "ಚಿಕ್ಕಮ್ಮಾ, ಸತ್ತೋರು ಹಸಿವಾಗಿದೆ ಅಂತಾರಾ? ನಂಗೆ ಹಸಿವಾಗಿದೆ ತೆಗಿ," ಅಂದ ಮೇಲೆ ತೆಗೆದಳು.

ಅವಳು ಹೇಳಿದ್ದು ಇದು. ಅಮ್ಮ ದೊಡ್ಡ ಮನೆಯ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ. ಯಜಮಾನ ಆ ಪತ್ರಿಕೆಯ ಚೂರು ಹಿಡಿದು ಬಂದು, ಓಡಿಹೋದರೆ ಗತಿ ಇದು ಅಂತ ಎಲ್ಲರ ಮುಂದೆ ಓದಿದ. ಅಮ್ಮ ಒಗೆಯುತ್ತಿದ್ದುದನ್ನು ಕೆಸರಿಗೆ ಬಿಟ್ಟು ಕುಸಿದು ಕೂತು ಅತ್ತಳು. ಅವಳ ಕೂಗು ತಡೆಯಲಾರದೆ ಯಜಮಾನಿಯೇ ಅರ್ಧ ದಿನ ಮನೆಗೆ ಕಳಿಸಿದಳಂತೆ. ಸೂಕಿ ಚಿಕ್ಕಮ್ಮ ಹಿಂದೆಯೇ ಓಡಿದಳು, ಏನಾದರೂ ಮಾಡಿಕೊಂಡಾಳು ಅಂತ.

ಹೋಗಿ ನೋಡಿದರೆ ಅಮ್ಮ ಹೊಸಿಲ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿದ್ದಳು. "ಸೂಕಿ, ನನ್ನ ಮಗು ಇನ್ನು ಯಾರ ಕೈಗೂ ಸಿಗಲ್ಲ ಕಣೇ," ಅಂದಳಂತೆ. ಆಮೇಲೆ ಎದ್ದು ಜೋಳದ ಗಂಜಿ ಬಡಿಸಿಕೊಂಡು ಎರಡು ಬಟ್ಟಲು ಉಂಡಳು.

"ನಂಬಿಬಿಟ್ಟಿದ್ದಳಾ ಚಿಕ್ಕಮ್ಮಾ?" ಅಂತ ಕೇಳಿದೆ.

ಸೂಕಿ ಚಿಕ್ಕಮ್ಮ ಅಂದಳು: "ನಂಗೇನು ಗೊತ್ತು ಮಗಾ. ನಿಮ್ಮಪ್ಪನ್ನ ಮಾರಿದಾಗ ನಾಕು ದಿನ ನೀರೂ ಮುಟ್ಲಿಲ್ಲ ಅವಳು. ಅವತ್ತು ಎರಡು ಬಟ್ಲು ತಿಂದ್ಳು. ನೀನೇ ಯೋಚ್ನೆ ಮಾಡ್ಕೋ."

ಇಷ್ಟೇ ಅಕ್ಕಾ. ಅದಾದ ಮೇಲೆ ಎಂಟು ವರ್ಷ ಬದುಕಿದ್ದಳು. ನನ್ನ ಹೆಸರನ್ನು ಮತ್ತೆ ಬಾಯಿಗೆ ತರಲಿಲ್ಲವಂತೆ. ಸತ್ತವಳ ಹೆಸರು ಹೇಳಬಾರದು ಅಂತಲೋ, ಬದುಕಿರುವವಳ ಹೆಸರು ಯಾರ ಕಿವಿಗೂ ಬೀಳಬಾರದು ಅಂತಲೋ ನನಗೆ ಗೊತ್ತಿಲ್ಲ. ಹದಿನಾಲ್ಕು ವರ್ಷದಿಂದ ಒಂದು ದಿನ ಹಾಗೆ, ಒಂದು ದಿನ ಹೀಗೆ ಅಂದುಕೊಳ್ಳುತ್ತೇನೆ. ಟೋಪಿ ಸರಿಯಾಗಿ ಬಂದ ದಿನ ಅವಳಿಗೆ ಗೊತ್ತಿತ್ತು ಅನ್ನಿಸುತ್ತದೆ.

ನಿಮಗೆ ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ, ನಾನೇ ಹೇಳುತ್ತೇನೆ. ಮೊದಲು ಕೋಪವಿತ್ತು. ಒಂದು ತಿಂಗಳು ನಿಮ್ಮ ಮೇಲೆ ಕೋಪವಿತ್ತು. ಬೇರೆ ಏನಾದರೂ ಉಪಾಯ ಮಾಡಬಹುದಿತ್ತು ಅಂತ. ಆಮೇಲೆ ಕೂತು ಬೇರೆ ಉಪಾಯ ಹುಡುಕಿದೆ. ಈ ತಲೆಗೆ ಸಿಗಲಿಲ್ಲ. ಹಿಡಿಯುವವರು ನನ್ನನ್ನು ಎಳೆದುಕೊಂಡು ಹೋಗಿದ್ದರೆ ಅಮ್ಮ ಅದೇ ಅಂಗಳದಲ್ಲಿ ನಿಂತು ನನಗೆ ಚಾವಟಿ ಬೀಳುವುದನ್ನು ನೋಡಬೇಕಿತ್ತು. ಅದನ್ನು ನೀವು ತಪ್ಪಿಸಿದಿರಿ, ನನಗೂ, ಅವಳಿಗೂ. ಆಗ ಕೋಪ ಹೋಯಿತು. ಕೋಪ ಹೋದ ಮೇಲೆ ಹೇಳಿದರೆ ನಿಮಗೆ ನೋವಾಗುತ್ತದೆ ಅಂತ ಹೆದರಿದೆ. ಕೆಸರಿನ ರಸ್ತೆ ಅಂತ ಬರೆದು ಮುಗಿಸಿದೆ. ರಸ್ತೆ ಕೆಸರಾಗಿದ್ದದ್ದು ಸುಳ್ಳಲ್ಲ.

ಶುಂಠಿ ಕೇಕು ಕಳಿಸುವಾಗ ನಾನು ಎಲ್ಲ ತಿಳಿದೇ ಕಳಿಸುತ್ತಿದ್ದೆ. ನೀವು ತಿನ್ನಿ. ಯೋಚನೆ ಮಾಡದೆ ತಿನ್ನಿ.

ಈಗ ಮಾತು ಬದಲಿಸುತ್ತಿದ್ದೇನೆ, ಬೈಯಬೇಡಿ. ಇದನ್ನೆಲ್ಲ ಬರೆದ ಮೇಲೆ ನನಗೆ ಆ ಹೆಸರು ಬೇಕು ಅನ್ನಿಸುತ್ತಿದೆ. ಹೋಯ್ಟ್ ಹೇಳಿದರು, ಚೀಟಿ ಹಾಕುವ ದಿನ ಒಬ್ಬೊಬ್ಬರ ಹೆಸರನ್ನೂ ಪಟ್ಟಿ ನೋಡಿ ಗಟ್ಟಿಯಾಗಿ ಕೂಗುತ್ತಾರಂತೆ. ಅಮ್ಮ ಎಂಟು ವರ್ಷ ಬಾಯೊಳಗೇ ಇಟ್ಟುಕೊಂಡ ಹೆಸರು. ಅದನ್ನು ಒಂದು ಸಲ, ಒಂದೇ ಸಲ, ತುಂಬಿದ ಸಭೆಯಲ್ಲಿ ಯಾರಾದರೂ ಕೂಗಲಿ. ನಾನು "ಬಂದೆ" ಅನ್ನುತ್ತೇನೆ.

ಪತ್ರಿಕೆಯವನ ಚಿಂತೆ ಹೋಗಿಲ್ಲ. ಅದು ಇದ್ದೇ ಇದೆ. ಆದರೂ ನಿಮಗೆ ಮನಸ್ಸಿದ್ದರೆ ಸಹಿ ಮಾಡಿ. ಇಪ್ಪತ್ತೆಂಟು ಶನಿವಾರ. ಅಂಚೆ ತಡವಾದರೆ ಏನು ಮಾಡುವುದೋ ಗೊತ್ತಿಲ್ಲ. ಹಿಮ ಬೀಳುವ ಹಾಗಿದೆ.

ನಿಮ್ಮ,
ಜಿಲ್ಪಾ


ಫಿಲಡೆಲ್ಫಿಯಾ
ಫೆಬ್ರವರಿ ೨೧, ೧೮೮೦

ಜಿಲ್ಪಾ,

ನಿನ್ನ ಪತ್ರವನ್ನು ಲೆಟಿ ಎರಡು ಸಲ ಓದಿದಳು. ಮೂರನೆಯ ಸಲ ನಾನೇ ಕೈಯಲ್ಲಿ ಹಿಡಿದುಕೊಂಡು ಕೂತೆ, ಅಕ್ಷರ ಕಾಣದಿದ್ದರೂ.

ಪ್ರಮಾಣಪತ್ರ ಇದರ ಜೊತೆಗಿದೆ.

ಆ ತಿಂಗಳ ಕೋಪಕ್ಕೆ ನಾನು ಋಣಿ. ಅದನ್ನು ಹೇಳದೆ ಬರಿಯ ಕೃತಜ್ಞತೆ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಆಕ್ಸಾ

ಲೆಟಿ ಬರೆಯುವುದು: ರೋಡಾ ಚಿಕ್ಕಮ್ಮನವರಿಗೆ ನಮಸ್ಕಾರ. ಅತ್ತೆಗೆ ಹೇಳದೆ ಇದನ್ನು ಸೇರಿಸುತ್ತಿದ್ದೇನೆ. ವಕೀಲರು 'ಸುಳ್ಳು' ಎನ್ನುವ ಕಡೆ ನಯವಾಗಿ 'ತಪ್ಪು ಮಾಹಿತಿ' ಎಂದು ಬರೆದಿದ್ದರು. ಅತ್ತೆ ಸಹಿ ಮಾಡಲು ಒಪ್ಪಲೇ ಇಲ್ಲ. "ತಪ್ಪು ಮಾಹಿತಿ ಕೊಡೋದು ದಡ್ಡರು ಕಣಯ್ಯಾ, ನಾನು ಯೋಚನೆ ಮಾಡಿ ಸುಳ್ಳು ಹೇಳಿದೀನಿ, ಹಾಗೇ ಬರಿ," ಎಂದರು. ಎರಡು ಸಲ ತಿದ್ದಿಸಿದ್ದರಿಂದ ಒಂದು ದಿನ ತಡವಾಯಿತು. ಇವತ್ತು ನಾನೇ ಅಂಚೆ ಕಚೇರಿಗೆ ಓಡುತ್ತಿದ್ದೇನೆ.


ಡನ್‌ಫೀಲ್ಡ್
ಮಾರ್ಚ್ ೧೪, ೧೮೮೦, ಭಾನುವಾರ

ಪ್ರೀತಿಯ ಆಕ್ಸಾ ಅಕ್ಕನವರಿಗೆ,

ಎಲ್ಲವನ್ನೂ ಬರೆಯುತ್ತೇನೆ, ಒಂದನ್ನೂ ಬಿಡುವುದಿಲ್ಲ.

ಪ್ರಮಾಣಪತ್ರ ಇಪ್ಪತ್ತಾರಕ್ಕೆ ಬಂತು. ಅದನ್ನು ಮಡಿಲಲ್ಲಿಟ್ಟುಕೊಂಡು ಹಿಮದಲ್ಲೇ ಹೋದೆ. ಹೋಯ್ಟ್ ನಿಂತುಕೊಂಡು ಓದಿದರು. "ಯೋಚಿಸಿ, ಉದ್ದೇಶಪೂರ್ವಕವಾಗಿ, ಸಂತೋಷದಿಂದ ಸುಳ್ಳು ಹೇಳಿದೆ" ಅನ್ನುವಲ್ಲಿ ನಿಂತು ಇನ್ನೊಂದು ಸಲ ಓದಿದರು. ಆಮೇಲೆ ಮರಣದ ಪುಸ್ತಕ ತೆಗೆದು, ಅಡಿಕೋಲು ಇಟ್ಟು, ಅವರಪ್ಪನ ಕೈಬರಹದ ಮೇಲೆ ಒಂದು ಕೆಂಪು ಗೆರೆ ಎಳೆದರು. ಪಕ್ಕದಲ್ಲಿ 'ಬದುಕಿದ್ದಾಳೆ' ಅಂತ ಬರೆದರು. ಶಾಯಿ ಒಣಗುವವರೆಗೆ ಇಬ್ಬರೂ ನೋಡುತ್ತಾ ನಿಂತಿದ್ದೆವು.

ಇನ್ನು ಪಟ್ಟಿಗೆ ಸೇರಲು ಓದು ಬರುತ್ತದೆ ಅಂತ ತೋರಿಸಬೇಕಿತ್ತು, ರಾಜ್ಯದ ಸಂವಿಧಾನದ ಐದು ಸಾಲು. ಹದಿನೈದು ದಿನದಿಂದ ಅದರದೇ ದಿಗಿಲು. ಪುಸ್ತಕ ಕೈಗೆ ಬಂದದ್ದೇ ತಡ, ಓದಿದೆ, ಓದುತ್ತಲೇ ಹೋದೆ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾಗುವುದಿಲ್ಲ ಅಂತ ಹೆದರಿಕೆ.

"ಸಾಕಮ್ಮ, ಸಾಕು! ನನ್ನ ಊಟದ ಹೊತ್ತಾಯ್ತು," ಅಂದರು ಹೋಯ್ಟ್. "ಹೋದ ವರ್ಷ ಇದೇ ಐದು ಸಾಲಿಗೆ ಒಬ್ಬ ಗಂಡಸು ಮೂರು ಸಲ ನೀರು ಕುಡಿದ."

ಚರ್ಚಿನಲ್ಲಿ ವಿಷಯ ನಾನೇ ಹೇಳಿದೆ. ನಮ್ಮ ಚರ್ಚಿನಲ್ಲಿ ಎಲ್ಲರಿಗಿಂತ ಹಿರಿಯರಾದ ಪ್ರಿನ್ಸ್ ಅಜ್ಜಿ ಕೋಲು ಹಿಡಿದು ಎದ್ದು ನಿಂತರು. "ಏನೇ ಇವಳೇ, ಇಪ್ಪತ್ತೆಂಟು ವರ್ಷ ನನ್ನ ತೋಟದ ಒಳ್ಳೊಳ್ಳೆ ಹೂವೆಲ್ಲ ಕಿತ್ತು ನಿನಗೆ ಇಟ್ಟಿದೀನಿ! ಪಕ್ಕದಲ್ಲೇ ನಿಂತು ಕೇಕು ತಿಂತಿದ್ಯಲ್ಲೇ!" ಅಂದರು. ಎಲ್ಲರೂ ನಕ್ಕರು, ಅಜ್ಜಿ ನಗಲಿಲ್ಲ. ಹತ್ತಿರ ಬಂದು ನನ್ನ ಕೆನ್ನೆ ಮುಟ್ಟಿದರು, ಬಿಸಿ ಇದೆಯೋ ಅಂತ ನೋ‌ಡುವವರ ಹಾಗೆ. ಆಮೇಲೆ ಬಿಡಲೇ ಇಲ್ಲ, ಪ್ರಾರ್ಥನೆ ಮುಗಿಯುವವರೆಗೂ ಕೈ ಹಿಡಿದುಕೊಂಡೇ ಕೂತರು.

ಎಂಟನೇ ತಾರೀಕು ಸೋಮವಾರ. ಬೆಳಗ್ಗೆಯಿಂದ ಏನೂ ತಿನ್ನಲಾಗಲಿಲ್ಲ. ಸಭಾಂಗಣದಲ್ಲಿ ಗಂಡಸರು ಹೊಗೆಸೊಪ್ಪು ಅಗಿಯುತ್ತಾ ಗೋಡೆಗೆ ಒರಗಿ ನಿಂತಿದ್ದರು. ಒಬ್ಬ, "ದಾರಿ ಬಿಡ್ರಪ್ಪಾ, ಟೋಪಿಗಳು ಬಂದ್ವು," ಅಂದ. "ಟೋಪಿ ಒಳಗೆ ತಲೆನೂ ಇದೆ, ನೋಡ್ಕೋ," ಅಂದಳು ನನ್ನ ಮುಂದಿದ್ದ ಐರಿಷ್ ಹೆಂಗಸು. ಅವಳ ಟೋಪಿ ನಾನು ಹೊಲಿದದ್ದೇ.

ನಮ್ಮನ್ನು ಕೊನೆಗೆ ಕರೆದರು, ನಮ್ಮಲ್ಲೂ ನಾನು ಕೊನೆ. ಹೋಯ್ಟ್ ಪಟ್ಟಿಯಿಂದ ತಲೆ ಎತ್ತಿ, ಗಂಟಲು ಸರಿಮಾಡಿಕೊಂಡು, ಹಸು ಕರೆಯುವವರ ಹಾಗೆ ಕೂಗಿದರು, "ಜಿಲ್ಪಾ ವೇಡ್!"

ನನಗೆ ಬಾಯಿ ಬರಲಿಲ್ಲ ಅಕ್ಕಾ. ಅಷ್ಟು ದಿನ ಕಾದದ್ದು, ಒಂದು ಮಾತು, ಅದೂ ಬರಲಿಲ್ಲ.

"ಜಿಲ್ಪಾ ವೇಡ್ ಇದಾಳಾ?" ಅಂತ ಇನ್ನೊಂದು ಸಲ ಕೂಗಿದರು. ಕೇಳಿಸಲಿಲ್ಲ ಅಂತಲ್ಲ, ಎರಡನೇ ಸಲ ಕೂಗಬೇಕು ಅಂತಲೇ ಕೂಗಿದರು. ಅವರ ಕಣ್ಣು ನೋಡಿದೆ.

"ಇದೀನಿ," ಅಂದೆ. ಚೀಟಿ ಹಾಕಿದೆ.

ಮುಚ್ಚಲು ಹೊರಟಿದ್ದ ಸಮಿತಿಯವರು ಸೋತರು, ಕೆಳಬೀದಿಯ ಶಾಲೆ ಉಳಿಯಿತು. ಹತ್ತೊಂಬತ್ತು ಚೀಟಿಗಳ ಅಂತರ. ನನ್ನದಿಲ್ಲದಿದ್ದರೂ ಉಳಿಯುತ್ತಿತ್ತು, ಅದು ಗೊತ್ತು. ಮರುದಿನದಿಂದ ಮಕ್ಕಳು ಎಂದಿನ ಹಾಗೆ ನನ್ನ ಕಿಟಕಿಯ ಮುಂದೆ ಗಲಾಟೆ ಮಾಡಿಕೊಂಡು ಹೋಗುತ್ತಿದ್ದಾರೆ.

ಪತ್ರಿಕೆಯವನು ಬರೆದ. 'ಭಾಷಣಗಾರ್ತಿಯ ಕಲ್ಲಿನ ಹೆಣ' ಅಂತ. ಮೂರು ದಿನ ಮನೆಯಿಂದ ಆಚೆ ಹೋಗಲಿಲ್ಲ. ನಾಲ್ಕನೇ ದಿನ ಹೋದರೆ, ಅವನ ಪತ್ರಿಕೆ ಅವತ್ತಿನಷ್ಟು ಯಾವತ್ತೂ ಖರ್ಚಾಗಿರಲಿಲ್ಲವಂತೆ. ಓದಿದವರೆಲ್ಲ ನಿಮ್ಮ ಹೆಸರು ಕೇಳುತ್ತಿದ್ದಾರೆ, ಇನ್ನೊಂದು ಸಲ ಭಾಷಣಕ್ಕೆ ಬರುತ್ತಾರಾ ಅಂತ. ಕಣ್ಣು ಸರಿಯಿಲ್ಲ ಅಂದೆ. ಬಾಯಿ ಸರಿಯಿದೆಯಲ್ಲ ಅನ್ನುತ್ತಾರೆ.

ನೀವು ನನಗೆ ಓದು ಕೊಟ್ಟಿರಿ, ಸಾವು ಕೊಟ್ಟಿರಿ, ಒಂದು ಹೆಸರು ಕೊಟ್ಟಿರಿ, ಈಗ ಇನ್ನೊಂದನ್ನು ವಾಪಸ್ ಕೊಟ್ಟಿರಿ. ಇಷ್ಟಕ್ಕೆ ನನ್ನ ಹತ್ತಿರ ಇರುವುದು ಒಂದೇ ಮಾತು. ಅದನ್ನು ಪ್ರತಿ ವರ್ಷವೂ ಬರೆದಿದ್ದೇನೆ. ಈಗ ಹೊಸದಾಗಿ ಬರೆಯುತ್ತಿದ್ದೇನೆ ಅಂದುಕೊಳ್ಳಿ. ನಿಮ್ಮಿಂದ ಉಳಿದೆ.

ಜಿಲ್ಪಾ ವೇಡ್


ಡನ್‌ಫೀಲ್ಡ್
ಏಪ್ರಿಲ್ ೧೧, ೧೮೮೦, ಭಾನುವಾರ

ಪ್ರೀತಿಯ ಅಕ್ಕನವರಿಗೆ, ಲೆಟಿಗೂ,

ಹೆಂಗಸರ ಮತದ ಹಕ್ಕಿಗಾಗಿ ದುಡಿಯುವ ನಿಮ್ಮ ಸಂಘದ ಅಚ್ಚಾದ ವರದಿ ನಿನ್ನೆ ಸೇರಿತು. ಮೊದಲ ಪುಟದಲ್ಲೇ ನಿಮ್ಮ ಹೆಸರಿದೆ. ಸಂತೋಷವಾಯಿತು. ಎಲ್ಲ ಊರುಗಳ ಹೆಸರನ್ನೂ ಬೆರಳಿಟ್ಟು ಓದಿದೆ. ಎಷ್ಟೊಂದು ಊರು, ಎಷ್ಟೊಂದು ಹೆಂಗಸರು! ಕೆಲವು ಊರಲ್ಲಿ ಇಬ್ಬರೇ ಹೋಗಿದ್ದಾರೆ. ಆ ಇಬ್ಬರಿಗೆ ಎಷ್ಟು ಧೈರ್ಯ ಬೇಕಾಗಿತ್ತೋ ಅಂತ ಅಂದುಕೊಂಡೆ.

ಒಂಬತ್ತನೇ ಪುಟಕ್ಕೆ ಬಂದು ನಿಂತೆ. 'ಡನ್‌ಫೀಲ್ಡ್: ಚೀಟಿ ಹಾಕಿದ ಹೆಂಗಸರು ಹನ್ನೊಂದು' ಅಂತ ಇದೆ. ರಾತ್ರಿಯೆಲ್ಲ ಬೆರಳು ಮಡಿಸಿ ಎಣಿಸಿದ್ದೇನೆ. ಹೋಯ್ಟ್ ಅವರ ಹೆಂಡತಿ, ಅವರ ನಾದಿನಿ, ಶಾಲೆಯ ಇಬ್ಬರು ಟೀಚರುಗಳು, ಡಾಕ್ಟರ ಮನೆಯ ಮೂವರು, ಐರಿಷ್ ಹೆಂಗಸು ಮತ್ತು ಅವಳ ಅಕ್ಕ, ಪಾದ್ರಿಗಳ ಹೆಂಡತಿ, ಪ್ರಿನ್ಸ್ ಅಜ್ಜಿ, ಕೊನೆಗೆ ನಾನು. ಹನ್ನೆರಡು. ಹೋಯ್ಟ್‌ರನ್ನು ಕೇಳಿದರೆ ಹನ್ನೆರಡು ಹೆಸರನ್ನೂ ಬರೆದು ಸಂಘಕ್ಕೆ ಕಳಿಸಿದ್ದೆ ಅನ್ನುತ್ತಾರೆ. ನಿಮ್ಮ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದೇನೆ ಅಂದುಕೊಳ್ಳಬೇಡಿ, ಅಷ್ಟು ಊರಿನ ಕಾಗದಗಳ ಮಧ್ಯೆ ಒಂದು ಗೆರೆ ಬಿಟ್ಟುಹೋಗುವುದು ಸಹಜ. ಹನ್ನೊಂದೇ ಆದರೆ ಬಿಟ್ಟುಹೋದವಳು ಯಾರು ಅಂತ ನನಗೆ ನಿದ್ದೆ ಬರುತ್ತಿಲ್ಲ, ಅಷ್ಟೇ.

ಲೆಟಿ, ಮಗಳೇ, ಅತ್ತೆಗೆ ತೊಂದರೆ ಕೊಡದೆ, ಡನ್‌ಫೀಲ್ಡಿನಿಂದ ಬಂದ ಆ ಹಾಳೆಯನ್ನು ತೆಗೆದು ಇನ್ನೊಂದು ಸಲ ಎಣಿಸಿ ನೋಡುತ್ತೀಯಾ?

ಜಿಲ್ಪಾ ವೇಡ್